ಏಳೂವರೆಗೆ ಮುಚ್ಚುವ ಬಾಗಿಲು

ಬೆಂಗಳೂರಿನಲ್ಲಿ ಜೋಡಿಯೊಂದು ಸಂಜೆ ಎಲ್ಲಿಗೆ ಹೋಗಬೇಕು, ಆರೇಳು ಗೆಳೆಯರ ಗುಂಪು ಎಲ್ಲಿ ಸೇರಬೇಕು ಎಂದು ಯಾರನ್ನು ಕೇಳಿದರೂ ಉತ್ತರ ಬಾಯಲ್ಲೇ ಇರುತ್ತದೆ. ನಂದಿಬೆಟ್ಟದ ಸೂರ್ಯೋದಯ, ಗಾಂಧಿಬಜಾರಿನ ದೋಸೆ, ಕಬ್ಬನ್ ಪಾರ್ಕಿನ ಹುಲ್ಲುಹಾಸು, ಚರ್ಚ್ ಸ್ಟ್ರೀಟಿನ ಅಡ್ಡಾಟ, ಇಂದಿರಾನಗರದ ಬ್ರೂವರಿ, ಕೊನೆಗೊಂದು ಕಾರ್ನರ್ ಹೌಸ್ ಐಸ್‌ಕ್ರೀಂ. ಪತ್ರಿಕೆಗಳ ವಾರಾಂತ್ಯದ ಪುರವಣಿಯಿಂದ ಹಿಡಿದು ಮೊಬೈಲಿನ ರೀಲ್ಸ್‌ವರೆಗೆ ಇದೇ ಪಟ್ಟಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಬಂದಿದೆ. ಜೆ.ಪಿ. ನಗರ ಎರಡನೇ ಹಂತದ ರಂಗಶಂಕರಕ್ಕೆ ಇದರಲ್ಲಿ ಜಾಗವಿಲ್ಲ. ಇದ್ದರೂ ಕಟ್ಟಕಡೆಗೆ, ‘ನಾಟಕದ ಹುಚ್ಚಿದ್ದವರಿಗೆ’ ಎಂಬ ಷರಾದೊಂದಿಗೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಈ ಊರಿನಲ್ಲಿ ಇಬ್ಬರು ಹೋಗುವುದಕ್ಕಾಗಲಿ ಗುಂಪು ಕಟ್ಟಿಕೊಂಡು ಹೋಗುವುದಕ್ಕಾಗಲಿ ರಂಗಶಂಕರಕ್ಕಿಂತ ಒಳ್ಳೆಯ ಜಾಗವಿಲ್ಲ. ಪಟ್ಟಿಯ ಉಳಿದ ಹೆಸರುಗಳಲ್ಲಿ ಅರ್ಧದಷ್ಟು ಹಳೆಯ ಕೀರ್ತಿಯ ಬಡ್ಡಿಯಲ್ಲಿ ಬದುಕುತ್ತಿವೆ.

ನಟ-ನಿರ್ದೇಶಕ ಶಂಕರ್ ನಾಗ್ ಅವರ ಕನಸು, ಅವರ ಸಂಕೇತ್ ನಾಟಕ ತಂಡ, ಪತ್ನಿ ಅರುಂಧತಿ ನಾಗ್ ಅವರ ವರ್ಷಗಟ್ಟಲೆಯ ಓಡಾಟ, 2004ರಲ್ಲಿ ತೆರೆದ ರಂಗಮಂದಿರ — ಈ ಕಥೆ ಓದುಗರಿಗೆ ಗೊತ್ತೇ ಇದೆ. ಅದರ ಬಗ್ಗೆ ಬರೆದವರೆಲ್ಲ ಬರೆದಿರುವುದು ರಂಗಭೂಮಿಯ ಕಡೆಯಿಂದ. ಒಂದು ಸಂಜೆ ಜೊತೆಯಲ್ಲಿ ಕಳೆಯಬೇಕೆಂದು ಹೊರಟ ಇಬ್ಬರ ಕಡೆಯಿಂದ ಅದನ್ನು ಯಾರೂ ನೋಡಿದಂತಿಲ್ಲ. ಆ ಕೊರತೆಯೇ ಈ ಬರಹಕ್ಕೆ ನೆಪ.

ಅಳತೆಗೋಲು ಏನೆಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಒಟ್ಟಿಗೆ ಹೋಗುವ ಜಾಗ ಕೊಡಬೇಕಾದದ್ದು ಮೂರು. ಯಾರೂ ಎಬ್ಬಿಸದೆ ಕೂರಲು ಬಿಡಬೇಕು; ಪಕ್ಕದವರ ಮಾತು ಕಿವಿಗೆ ಬೀಳಬೇಕು; ಎದ್ದು ಹೊರಟಾಗ ಮಾತಾಡಲು ಏನಾದರೂ ಉಳಿದಿರಬೇಕು. ನೋಟ, ರುಚಿ, ಫೋಟೊ ಎಲ್ಲ ಆಮೇಲಿನ ಮಾತು. ಈ ಮೂರನ್ನು ಹಿಡಿದು ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಹೆಸರುಗಳು ಒಂದೊಂದಾಗಿ ಉದುರುತ್ತವೆ.

1986ರಲ್ಲಿ ಸಾರ್ಕ್ ಶೃಂಗಸಭೆಗೆ ಬಂದ ನಾಯಕರು ನಂದಿಬೆಟ್ಟಕ್ಕೂ ಹೋಗಿದ್ದರು. ಅವರಿಗೆ ದಾರಿ ಬಿಡಿಸಿಕೊಡಲು ಪೊಲೀಸರಿದ್ದರು. ಭಾನುವಾರ ನಸುಕಿನಲ್ಲಿ ಬೈಕ್ ಏರಿ ಹೊರಟ ಜೋಡಿಗೆ ಆ ಭಾಗ್ಯವಿಲ್ಲ. ಚೆಕ್‌ಪೋಸ್ಟಿನ ಸಾಲು, ಪಾರ್ಕಿಂಗಿನ ಸಾಲು, ಟಿಕೆಟ್ಟಿನ ಸಾಲು ದಾಟಿ ಮೇಲೆ ತಲುಪುವಷ್ಟರಲ್ಲಿ ಸೂರ್ಯ ಆಗಲೇ ಹುಟ್ಟಿರುತ್ತಾನೆ, ಇಲ್ಲವೇ ಮಂಜಿನಲ್ಲಿ ಅವನು ಹುಟ್ಟಿದ್ದು ಯಾರಿಗೂ ತಿಳಿದಿರುವುದಿಲ್ಲ. ಬೆಟ್ಟದ ಬುಡದಲ್ಲಿ ಭೋಗನಂದೀಶ್ವರ ದೇವಸ್ಥಾನವಿದೆ. ಅದರ ಕಲ್ಯಾಣಿಯ ಮೆಟ್ಟಿಲ ಮೇಲೆ ಗಂಟೆಗಟ್ಟಲೆ ಕೂತು ಮಾತಾಡಬಹುದು. ಮೇಲಕ್ಕೆ ಓಡುವ ಭರದಲ್ಲಿ ಅದನ್ನು ತಿರುಗಿ ನೋಡುವವರೇ ಕಡಿಮೆ.

ಗಾಂಧಿಬಜಾರಿನ ವಿದ್ಯಾರ್ಥಿ ಭವನದ ದೋಸೆಯ ಬಗ್ಗೆ ನನ್ನ ತಕರಾರಿಲ್ಲ. ತಟ್ಟೆಗಳನ್ನು ಮೊಣಕೈವರೆಗೆ ಪೇರಿಸಿಕೊಂಡು ಬರುವ ಸಪ್ಲೈಯರ್‌ನ ನಡಿಗೆ ಈಗಲೂ ನೋಡಬೇಕಾದ್ದೇ. ಆದರೆ ನೀವು ಚಟ್ನಿ ಅದ್ದುವಾಗ ಬಾಗಿಲಲ್ಲಿ ನಿಂತವರ ಕಣ್ಣು ನಿಮ್ಮ ತಟ್ಟೆಯ ಮೇಲಿರುತ್ತದೆ. ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಲು ಅದು ಜಾಗವಲ್ಲ. ದರ್ಶಿನಿಗಳಂತೂ ನಿಂತು ತಿಂದು ಜಾಗ ಖಾಲಿ ಮಾಡಲೆಂದೇ ಹುಟ್ಟಿದವು. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಗ್ಗೆ ಪುಸ್ತಕ ಹಿಡಿದು ಮೌನವಾಗಿ ಕೂರುವ ಗುಂಪನ್ನು ಯಾರೂ ಎಬ್ಬಿಸುವುದಿಲ್ಲ. ಒಂದು ಹುಡುಗಿ ಒಬ್ಬ ಹುಡುಗ ಹತ್ತಿರ ಕೂತು ಪಿಸುಗುಟ್ಟಿದರೆ ಮಾತ್ರ ಕಾವಲುಗಾರನ ಸೀಟಿ ಕೇಳುತ್ತದೆ. ಬ್ರೂವರಿಗಳಲ್ಲಿ ಕೂರಲು ಬಿಡುತ್ತಾರೆ, ಕೂತಷ್ಟೂ ಬಿಲ್ಲು ಏರುತ್ತದೆ, ಅಲ್ಲಿನ ಸ್ಪೀಕರುಗಳ ಅಬ್ಬರದಲ್ಲಿ ಎಂಟು ಜನರ ಗುಂಪು ಇಬ್ಬಿಬ್ಬರಂತೆ ನಾಲ್ಕು ಗುಂಪಾಗಿ ಒಡೆದು ಪಕ್ಕದವರ ಕಿವಿಗೆ ಬಾಯಿ ಹಚ್ಚಿ ಕೂಗುತ್ತಿರುತ್ತದೆ. ಚರ್ಚ್ ಸ್ಟ್ರೀಟಿಗೆ ಮಾತ್ರ ಅರ್ಧ ಅಂಕ ಕೊಡಬಹುದು, ಅದೂ ಅಲ್ಲಿನ ಹಳೆ ಪುಸ್ತಕದಂಗಡಿಗಳ ದೆಸೆಯಿಂದ. ಜೊತೆಗೆ ಬಂದವರು ಯಾವ ಕಪಾಟಿನ ಮುಂದೆ ನಿಲ್ಲುತ್ತಾರೆ ಎಂದು ನೋಡುವುದರಲ್ಲೇ ಅರ್ಧ ಪರಿಚಯ ಮುಗಿಯುತ್ತದೆ.

ಇನ್ನು ರಂಗಶಂಕರ. ಅಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ರಂಗವನ್ನಲ್ಲ, ಬಾಗಿಲನ್ನು.

ಏಳೂವರೆಗೆ ನಾಟಕವೆಂದರೆ ಏಳೂವರೆಗೆ ಬಾಗಿಲು ಹಾಕುತ್ತಾರೆ. ಹಾಕಿದ ಮೇಲೆ ಎಂಥ ದೊಡ್ಡ ಮನುಷ್ಯ ಬಂದರೂ ತೆರೆಯುವುದಿಲ್ಲ ಎಂಬುದು ಊರಿಗೇ ಗೊತ್ತಿರುವ ಸಂಗತಿ. ಇದನ್ನು ಎಲ್ಲರೂ ವಿವರಿಸುವುದು ಶಿಸ್ತು ಎಂದು, ನಟರಿಗೆ ತೋರುವ ಗೌರವ ಎಂದು. ಅದು ಸರಿಯೇ. ಆದರೆ ಅದು ಬಾಗಿಲಿನ ಒಳಮೈಯ ವಿವರಣೆ ಮಾತ್ರ. ಹೊರಗಿನಿಂದ ಬರುವವರಿಗೆ ಆ ಬಾಗಿಲು ಏನು ಮಾಡುತ್ತದೆ?

ಮೊದಲನೆಯದಾಗಿ, ತಡವಾಗಿ ಬರುವ ಸವಲತ್ತನ್ನು ಇಬ್ಬರಿಂದಲೂ ಕಿತ್ತುಕೊಳ್ಳುತ್ತದೆ. ಬೆಂಗಳೂರಿನ ಭೇಟಿಗಳ ಪದ್ಧತಿ ನಮಗೆ ಗೊತ್ತು. ಆರೂವರೆಗೆ ಸಿಗೋಣ ಎಂದವರು ಆರೂವರೆಗೆ ‘ಆನ್ ದಿ ವೇ’ ಎಂದು ಮೆಸೇಜು ಹಾಕಿ ಸ್ನಾನಕ್ಕೆ ಹೋಗುತ್ತಾರೆ. ಇನ್ನೊಬ್ಬರು ಯಾವುದೋ ಕೆಫೆಯ ಮೂಲೆಯಲ್ಲಿ ಎರಡನೇ ಕಾಫಿ ತರಿಸಿಕೊಂಡು ಮೊಬೈಲು ತಿಕ್ಕುತ್ತ ಕೂರುತ್ತಾರೆ. ಹೀಗಾಗಿ ಭೇಟಿ ಶುರುವಾಗುವುದೇ ಒಬ್ಬರ ಕ್ಷಮೆ, ಇನ್ನೊಬ್ಬರ ‘ಪರವಾಗಿಲ್ಲ’ ಮತ್ತು ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನ ವರ್ಣನೆಯಿಂದ. ಯಾರು ಕಾಯಿಸಿದರು, ಯಾರು ಕಾದರು ಎಂಬ ಸಣ್ಣ ಲೆಕ್ಕ ರಾತ್ರಿಯಿಡೀ ಮೇಜಿನ ಕೆಳಗೆ ನಡೆಯುತ್ತಲೇ ಇರುತ್ತದೆ. ರಂಗಶಂಕರದಲ್ಲಿ ಈ ಲೆಕ್ಕಕ್ಕೆ ಅವಕಾಶವಿಲ್ಲ. ಕಾಯುವುದಿಲ್ಲ ಎನ್ನುವುದು ಬಾಗಿಲು, ನೀವಲ್ಲ. ಸಿಟ್ಟು ಬಂದರೆ ಅದರ ಮೇಲೆ ಬರಲಿ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಬಾಗಿಲಿಗೆ ಹೆದರಿದ ಊರಿನ ಜನ ಏಳಕ್ಕೆ ಮೊದಲೇ ಬಂದು ಸೇರುತ್ತಾರೆ. ಆ ಮುಕ್ಕಾಲು ಗಂಟೆ ಯಾರ ಯೋಜನೆಯಲ್ಲೂ ಇಲ್ಲದ ಕಾಲ. ಕೆಳಗಿನ ಕೆಫೆಯಲ್ಲಿ ಕಾಫಿ, ಬಹುಕಾಲದಿಂದ ಹೆಸರು ಮಾಡಿರುವ ಸಾಬೂದಾನಿ ವಡೆ. ಟೇಬಲ್ಲು ಸಿಕ್ಕರೆ ಟೇಬಲ್ಲು, ಇಲ್ಲದಿದ್ದರೆ ತಟ್ಟೆ ಕೈಯಲ್ಲಿ ಹಿಡಿದು ನಿಂತೇ. ಪಕ್ಕದಲ್ಲಿ ಯಾವುದೋ ಕಾಲೇಜಿನ ಹುಡುಗರ ಗುಂಪು, ಅದರಾಚೆ ಸ್ವೆಟರ್ ಹಾಕಿಕೊಂಡ ಹಿರಿಯ ದಂಪತಿ, ಟಿಕೆಟ್ ಕೌಂಟರಿನ ಬಳಿ ಯಾರಿಗಾಗಿಯೋ ಕತ್ತು ಉದ್ದ ಮಾಡಿ ನೋಡುತ್ತಿರುವ ಒಬ್ಬ. ಈ ಹೊತ್ತಿನ ಮಾತಿಗೆ ಒಂದು ಗುಣವಿದೆ: ಅದು ಯಾವಾಗ ಮುಗಿಯುತ್ತದೆಂದು ಇಬ್ಬರಿಗೂ ಗೊತ್ತು. ಮಾತು ಕುಂಟುತ್ತಿದ್ದರೆ ಗಂಟೆಯ ಸದ್ದು ಪಾರು ಮಾಡುತ್ತದೆ. ಓಡುತ್ತಿದ್ದರೆ ಅರ್ಧಕ್ಕೆ ನಿಂತು ಆಮೇಲೆ ಮುಂದುವರಿಸುವ ಆಸೆ ಉಳಿಸುತ್ತದೆ. ರೆಸ್ಟೊರೆಂಟಿನಲ್ಲಿ ಬಿಲ್ಲು ಬರುವವರೆಗೆ ಎಷ್ಟು ಕಾಲ ಇದೆ ಎಂದು ಯಾರಿಗೂ ತಿಳಿಯದು. ಬೇಸರ ಶುರುವಾಗುವುದೇ ಆ ಅನಿಶ್ಚಯದಲ್ಲಿ.

ಮೂರನೆಯದು ಬಾಗಿಲಿನ ಕ್ರೌರ್ಯ. ಅದನ್ನು ಮುಚ್ಚಿಡುವುದು ಬೇಡ. ಏಳು ಇಪ್ಪತ್ತೆಂಟು. ನಿಮ್ಮ ಕೈಯಲ್ಲಿ ಎರಡು ಟಿಕೆಟ್ಟುಗಳಿವೆ. ಬರಬೇಕಾದವಳ ಆಟೊ ಬನಶಂಕರಿ ಸಿಗ್ನಲ್ಲಿನಲ್ಲಿದೆ. ಒಳಗೆ ಹೋಗುವುದೋ, ಹೊರಗೆ ನಿಲ್ಲುವುದೋ? ನಿಂತರೆ ಇಬ್ಬರಿಗೂ ನಾಟಕ ತಪ್ಪಿತು. ಹೋದರೆ ಅವಳು ಬಂದು ಮುಚ್ಚಿದ ಬಾಗಿಲು ನೋಡುತ್ತಾಳೆ. ಇದಕ್ಕೆ ಸರಿಯುತ್ತರವಿಲ್ಲ. ಹೊರಗೇ ನಿಂತವನನ್ನು ‘ಪಾಪ, ಎಂಥ ಒಳ್ಳೆಯವ’ ಎನ್ನುವವರಿರುವಂತೆ, ‘ಇವನು ನನಗಾಗಿ ನಾಟಕ ಬಿಟ್ಟೆ ಎಂದು ಇನ್ನೊಂದು ವರ್ಷ ಹೇಳುತ್ತಾನೆ’ ಎನ್ನುವವರೂ ಇದ್ದಾರೆ. ಗುಂಪಿನಲ್ಲಾದರೆ ತಮಾಷೆ ಇನ್ನೂ ಹೆಚ್ಚು. ಆರು ಜನರಲ್ಲಿ ಐವರು ಬಂದಿದ್ದಾರೆ, ಟಿಕೆಟ್ಟುಗಳೆಲ್ಲ ಆರನೆಯವನ ಫೋನಿನಲ್ಲಿವೆ. ಕಳಿಸಪ್ಪಾ ಎಂದು ಐವರೂ ಒಟ್ಟಿಗೆ ಫೋನು ಮಾಡುತ್ತಿರುತ್ತಾರೆ, ಅವನದು ಎಂಗೇಜ್. ಆ ಎರಡು ನಿಮಿಷದಲ್ಲಿ ಯಾರು ಬೈಯುತ್ತಾರೆ, ಯಾರು ನಗುತ್ತಾರೆ, ಯಾರು ಸುಮ್ಮನೆ ಕೌಂಟರಿಗೆ ಹೋಗಿ ಬೇರೆ ಟಿಕೆಟ್ಟು ತರುತ್ತಾರೆ ಎಂದು ನೋಡಿದವರಿಗೆ ಆ ಗುಂಪಿನ ಬಗ್ಗೆ ಬೇರೇನೂ ತಿಳಿಯಬೇಕಾಗಿಲ್ಲ. ಅಂದರೆ ಆ ಸಂಜೆಯ ಮೊದಲ ನಾಟಕ ಬಾಗಿಲ ಹೊರಗೇ ನಡೆದಿರುತ್ತದೆ.

ಇಲ್ಲಿ ಸೀಟುಗಳಿಗೆ ನಂಬರಿಲ್ಲ ಎಂಬುದನ್ನೂ ಇದರ ಜೊತೆಗೇ ಓದಬೇಕು. ಮುನ್ನೂರು ಚಿಲ್ಲರೆ ಜನ ಸಾಲಾಗಿ ನಿಂತು, ಬಂದ ಕ್ರಮದಲ್ಲಿ ಒಳಗೆ ಹೋಗಿ, ಸಿಕ್ಕಲ್ಲಿ ಕೂರುತ್ತಾರೆ. ಹೆಚ್ಚು ದುಡ್ಡು ಕೊಟ್ಟು ಮುಂದಿನ ಸಾಲು ಹಿಡಿದು ಜೊತೆಗಾರ್ತಿಯ ಮುಂದೆ ದೊಡ್ಡಸ್ತಿಕೆ ಮೆರೆಯುವಂತಿಲ್ಲ. ಮುಂದೆ ಕೂರಬೇಕೆಂದರೆ ಬೇಗ ಬರಬೇಕು, ಅಷ್ಟೇ. ಬಹುತೇಕ ಕನ್ನಡ ನಾಟಕಗಳ ಟಿಕೆಟ್ಟು ಬ್ರೂವರಿಯ ಒಂದು ಗ್ಲಾಸ್ ಬಿಯರಿನ ಬೆಲೆಯ ಆಸುಪಾಸಿನಲ್ಲಿರುತ್ತದೆ. ಹೀಗಾಗಿ ‘ಯಾರು ಕೊಡಬೇಕು’ ಎಂಬ ಇರಿಸುಮುರಿಸೂ ದೊಡ್ಡದಾಗುವುದಿಲ್ಲ. ಮೊದಲ ಸಂಬಳದ ಹುಡುಗಿ ಕೂಡ ಧಾರಾಳವಾಗಿ ‘ಇದು ನನ್ನದು’ ಎನ್ನಬಹುದಾದ ಮೊತ್ತ ಅದು.

ಕತ್ತಲೆ ಸಿನಿಮಾ ಹಾಲಿನಲ್ಲೂ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಅಲ್ಲಿ ಎಲ್ಲರ ಮುಖವೂ ಒಂದೇ ದಿಕ್ಕಿಗೆ, ಪರದೆಯತ್ತ. ರಂಗಶಂಕರದ್ದು ಪ್ರೇಕ್ಷಕರ ನಡುವಿಗೆ ಚಾಚಿಕೊಂಡ ರಂಗ. ಮೂರು ಕಡೆಯೂ ಜನ ಕೂರುತ್ತಾರೆ. ಪಕ್ಕದ ಭಾಗದಲ್ಲಿ ಕೂತವರಿಗೆ ನಟರ ಆಚೆ, ರಂಗದ ಬೆಳಕು ಚೆಲ್ಲಿದಲ್ಲೆಲ್ಲ, ಎದುರು ಸಾಲಿನವರ ಮುಖಗಳು ಕಾಣುತ್ತವೆ. ಒಂದು ಮಾತಿಗೆ ಅಲ್ಲೊಬ್ಬ ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ, ಇನ್ನೊಬ್ಬ ಹುಡುಗ ತಡವಾಗಿ ನಗುತ್ತಾನೆ. ನಿಮ್ಮ ಪಕ್ಕದವರು ಎಲ್ಲಿ ನಕ್ಕರು, ಎಲ್ಲರೂ ನಕ್ಕಾಗ ಎಲ್ಲಿ ನಗಲಿಲ್ಲ ಎಂಬುದು ತಿರುಗಿ ನೋಡದೆಯೇ ಭುಜದಿಂದ ಭುಜಕ್ಕೆ ತಿಳಿಯುತ್ತದೆ. ಟೇಬಲ್ಲಿನ ಆಚೆ ಈಚೆ ಕೂತು ‘ನಿಮ್ಮ ಹವ್ಯಾಸಗಳೇನು’ ಎಂದು ಕೇಳಿಕೊಳ್ಳುವ ಭೇಟಿಯಲ್ಲಿ, ನೌಕರಿಯ ಸಂದರ್ಶನದಲ್ಲಿ ಆಗುವಂತೆ, ಸಿದ್ಧ ಮಾಡಿಕೊಂಡು ಬಂದ ಉತ್ತರಗಳೇ ಹೊರಬರುತ್ತವೆ. ನಗುವಿಗೆ ಅಂಥ ತಯಾರಿ ಸಾಧ್ಯವಿಲ್ಲ.

ಉದಾಹರಣೆಗೆ ‘ಹಯವದನ’ವನ್ನೇ ತೆಗೆದುಕೊಳ್ಳಿ. ಕಾರ್ನಾಡರ ಈ ನಾಟಕ ಬಂದು ಅರ್ಧ ಶತಮಾನವಾಯಿತು, ಇಂದಿಗೂ ಒಂದಲ್ಲ ಒಂದು ತಂಡ ಅದನ್ನು ಆಡುತ್ತಿರುತ್ತದೆ. ದೇವದತ್ತನದು ಬುದ್ಧಿ, ಕಪಿಲನದು ಮೈಕಟ್ಟು. ಕಾಳಿಯ ಗುಡಿಯಲ್ಲಿ ರುಂಡಗಳು ಅದಲುಬದಲಾಗಿ ಪದ್ಮಿನಿಯ ಮುಂದೆ ಇಬ್ಬರು ನಿಲ್ಲುತ್ತಾರೆ. ಈಗ ಗಂಡ ಯಾರು? ತಲೆ ಯಾರದೋ ಅವನೇ ಎಂದು ನಾಟಕದೊಳಗೆ ತೀರ್ಪಾಗುತ್ತದೆ. ಆದರೆ ಅದನ್ನು ನೋಡಿ ಹೊರಬಂದ ಜೋಡಿಯಲ್ಲಿ ತೀರ್ಪು ಅಷ್ಟು ಸುಲಭಕ್ಕೆ ಆಗುವುದಿಲ್ಲ. ಪದ್ಮಿನಿ ರುಂಡ ಜೋಡಿಸುವಾಗ ಆದದ್ದು ಗಡಿಬಿಡಿಯೋ ಆಸೆಯೋ? ‘ಪಾಪ, ಕತ್ತಲಲ್ಲಿ ಗೊತ್ತಾಗಲಿಲ್ಲ’ ಎಂದು ಅವನು ಹೇಳಿದಾಗ ಅವಳು ಹುಬ್ಬೇರಿಸಿ ನೋಡುತ್ತಾಳೆ. ಆ ಹುಬ್ಬಿನ ಬಗ್ಗೆ ಜೆ.ಪಿ. ನಗರದಿಂದ ಮೆಟ್ರೊ ನಿಲ್ದಾಣದವರೆಗೆ ಮಾತಾಡಬಹುದು, ಮನೆಗೆ ಹೋದ ಮೇಲೂ ಫೋನಿನಲ್ಲಿ ಮುಂದುವರಿಸಬಹುದು. ಬೆಟ್ಟದ ತುದಿಯ ಸೂರ್ಯ ಇಂಥ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ‘ಎಷ್ಟು ಚೆನ್ನಾಗಿದೆ ಅಲ್ವಾ’ ಎಂದ ಮೇಲೆ ಮಾತು ಮುಗಿಯಿತು.

ಇಷ್ಟು ಹೇಳಿದರೆ ನಮ್ಮ ರಂಗವಿಮರ್ಶಕರಲ್ಲಿ ಕೆಲವರು ಮುನಿಸಿಕೊಳ್ಳುತ್ತಾರೆಂದು ನನಗೆ ಗೊತ್ತು. ಅವರ ಆಕ್ಷೇಪ ಹಳೆಯದು: ರಂಗಶಂಕರಕ್ಕೆ ಬರುವವರಲ್ಲಿ ಅರ್ಧ ಜನ ನಾಟಕಕ್ಕೆ ಬರುವುದಿಲ್ಲ, ‘ಔಟಿಂಗ್’ಗೆ ಬರುತ್ತಾರೆ, ವಡೆ ತಿನ್ನಲು, ಸೆಲ್ಫಿ ತೆಗೆಯಲು, ಕೈ ಕೈ ಹಿಡಿದು ಕೂರಲು ಬರುತ್ತಾರೆ, ಇವರಿಂದ ಗಂಭೀರ ರಂಗಭೂಮಿ ಉಳಿಯುವುದಿಲ್ಲ. ಸೆಮಿನಾರುಗಳಲ್ಲಿ ಈ ಮಾತಿಗೆ ಯಾವಾಗಲೂ ಒಂದಷ್ಟು ತಲೆಗಳು ಅಲ್ಲಾಡುತ್ತವೆ.

ಈ ಮಹನೀಯರು ಕನ್ನಡ ರಂಗಭೂಮಿಯ ಚರಿತ್ರೆಯನ್ನು ಪಾಠ ಮಾಡುತ್ತಾರೆ, ಆದರೆ ಆ ಚರಿತ್ರೆಯ ಪ್ರೇಕ್ಷಕ ಯಾರಾಗಿದ್ದನೆಂದು ಕೇಳಿಕೊಂಡಂತಿಲ್ಲ. ಗುಬ್ಬಿ ಕಂಪನಿ ಊರಿಗೆ ಬಂದಾಗ ಗಾಡಿ ಕಟ್ಟಿಕೊಂಡು ಬಂದ ಮನೆಮಂದಿಯೆಲ್ಲ ಬುತ್ತಿಗಂಟಿನ ಸಮೇತ ಬಂದದ್ದು ರಸಸಿದ್ಧಾಂತ ಚರ್ಚಿಸಲೇ? ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆ ತರಿಸಿದ ವೀರಣ್ಣನವರಿಗೆ ಜನ ಯಾಕೆ ಬರುತ್ತಾರೆಂದು ಚೆನ್ನಾಗಿ ತಿಳಿದಿತ್ತು. ಕರಾವಳಿಯ ಯಕ್ಷಗಾನದ ಆಟಕ್ಕೆ ರಾತ್ರಿಯಿಡೀ ಕೂತವರು ನಡುವೆ ಎದ್ದು ಹೋಗಿ ಕಡಲೆ ತಿಂದು, ಚಾ ಕುಡಿದು, ನೆಂಟರನ್ನು ಮಾತಾಡಿಸಿ, ಮದುವೆ ಮಾತುಕತೆಯನ್ನೂ ಅಲ್ಲೇ ಅರ್ಧ ಮುಗಿಸಿ, ಚೆಂಡೆಯ ಸದ್ದು ಜೋರಾದಾಗ ಮರಳಿ ಬಂದು ಕೂರುತ್ತಿದ್ದರು. ಅವರಲ್ಲೇ ಎಷ್ಟೋ ಜನಕ್ಕೆ ಪ್ರಸಂಗದ ಪದ್ಯಗಳು ಬಾಯಿಪಾಠ. ಜೊತೆಗೂಡಿ ಹೊರಡುವ ಸುಖಕ್ಕಾಗಿ ಬಂದವರು ಆಟದ ಮರ್ಮವನ್ನೂ ಬಲ್ಲವರಾದರು. ಎರಡರ ನಡುವೆ ಗೋಡೆ ಎಬ್ಬಿಸಿದ್ದು ಹವ್ಯಾಸಿ ರಂಗಭೂಮಿಯ ಒಂದು ಘಟ್ಟದ ಪ್ರತಿಷ್ಠೆ. ‘ಅರ್ಥವಾಗದಿದ್ದರೂ ಗಂಭೀರವಾಗಿ ಕೂರಬೇಕು’ ಎಂದು ಪ್ರೇಕ್ಷಕರನ್ನು ಹೆದರಿಸಿ ಹೆದರಿಸಿ, ಕೊನೆಗೆ ಸಭಾಂಗಣಗಳಲ್ಲಿ ತಂಡದವರ ಸಂಬಂಧಿಕರೂ ಮುಂದಿನ ವಾರ ನಾಟಕ ಆಡಬೇಕಾದ ಇನ್ನೊಂದು ತಂಡದವರೂ ಮಾತ್ರ ಉಳಿಯುವಂತೆ ಮಾಡಿದ್ದು ಯಾರು? ಕೈ ಕೈ ಹಿಡಿದು ಬಂದ ಜೋಡಿಗಳಂತೂ ಅಲ್ಲ.

ಇನ್ನೂ ಒಂದು ಮಾತು. ಬಾಗಿಲಿನ ನಿಯಮವನ್ನು ಇದೇ ವಿಮರ್ಶಕರು ಮೆಚ್ಚುತ್ತಾರೆ, ಕೆಫೆಯನ್ನು ಮಾತ್ರ ಸಹಿಸುವುದಿಲ್ಲ. ಅದೂ ಇದೂ ಒಂದೇ ಯಂತ್ರದ ಎರಡು ಭಾಗಗಳು ಎಂಬುದು ಅವರಿಗೆ ಹೊಳೆದಿಲ್ಲ. ಜನ ಬೇಗ ಬಂದು ಕೂರಲು ಜಾಗ, ತಿನ್ನಲು ಏನಾದರೂ ಇಲ್ಲದಿದ್ದರೆ ಬಾಗಿಲಿನ ಕಟ್ಟುನಿಟ್ಟು ಬರೀ ದಬ್ಬಾಳಿಕೆಯಾಗುತ್ತಿತ್ತು. ಬಾಗಿಲು ಇಲ್ಲದಿದ್ದರೆ ಕೆಫೆ ಇನ್ನೊಂದು ಕೆಫೆಯಾಗುತ್ತಿತ್ತು, ಜೆ.ಪಿ. ನಗರದಲ್ಲಿ ಅವುಗಳಿಗೆ ಬರವಿಲ್ಲ.

‘ನಮ್ಮ ಕಾಲದ ಬೆಂಗಳೂರು ಹೋಯಿತು’ ಎಂದು ಅಂಕಣ ಬರೆಯುವ ಹಿರಿಯರ ಜೊತೆ ನನ್ನದು ಚಿಕ್ಕ ಜಗಳ. ಕೆಂಪೇಗೌಡ ರಸ್ತೆಯ ಥಿಯೇಟರುಗಳು ಹೋದವು, ಕೂತು ಹರಟುತ್ತಿದ್ದ ಹೋಟೆಲುಗಳು ಹೋದವು, ಇನ್ನು ಯುವಕರು ಎಲ್ಲಿಗೆ ಹೋಗಬೇಕು ಎಂಬ ಅವರ ಅಳಲು ಪ್ರಾಮಾಣಿಕವೇ. ಆದರೆ ಎರಡು ದಶಕಗಳಿಂದ, ಸೋಮವಾರವೊಂದನ್ನು ಬಿಟ್ಟು, ದಿನಕ್ಕೊಂದು ನಾಟಕ ಎಂದು ಹಟ ಹಿಡಿದು ನಡೆಯುತ್ತಿರುವ ಜಾಗ ಇದೇ ಊರಿನಲ್ಲಿದೆ. ಕಳೆದುಹೋದದ್ದರ ಪಟ್ಟಿ ಬರೆಯುವವರ ಕಣ್ಣಿಗೆ ಅದು ಬೀಳುವುದಿಲ್ಲ, ಯಾಕೆಂದರೆ ಅದು ಅವರ ಕಾಲೇಜು ದಿನಗಳಲ್ಲಿ ಇರಲಿಲ್ಲ.

ದೋಷಗಳಿಲ್ಲವೇ? ಇವೆ. ಸಾಲಿನಲ್ಲಿ ನಿಲ್ಲುವುದು ಮಂಡಿನೋವಿನ ಹಿರಿಯರಿಗೆ ಕಷ್ಟ. ಕಾರು ನಿಲ್ಲಿಸಲು ಸುತ್ತಲಿನ ಅಡ್ಡರಸ್ತೆಗಳನ್ನು ಸುತ್ತಬೇಕು, ಆ ರಸ್ತೆಗಳ ಮನೆಯವರ ಗೇಟಿನ ಮುಂದೆ ಕಾರು ಬಿಟ್ಟು ಬೈಸಿಕೊಳ್ಳಬೇಕು. ರಾತ್ರಿ ಒಂಬತ್ತೂವರೆಗೆ ನಾಟಕ ಬಿಟ್ಟಾಗ ಒಬ್ಬಳೇ ದೂರ ಹೋಗಬೇಕಾದ ಹುಡುಗಿಗೆ ಆಟೊ ಸಿಗುವ ಪಾಡು ಈ ಊರಿನ ಎಲ್ಲ ಕಡೆಯ ಪಾಡೇ. ಹಸಿರು ಮಾರ್ಗದ ಮೆಟ್ರೊ ಜೆ.ಪಿ. ನಗರದವರೆಗೆ ಬಂದ ಮೇಲೆ ಅದು ತುಸು ಹಗುರಾಗಿದೆ, ನೀಗಿಲ್ಲ. ಕೆಟ್ಟ ನಾಟಕಗಳೂ ಬರುತ್ತವೆ: ಧ್ವನಿಯೇ ಇಲ್ಲದ ನಟರು, ಟಿ.ವಿ. ಧಾರಾವಾಹಿಯ ಜೋಕುಗಳನ್ನು ಇಂಗ್ಲಿಷಿಗೆ ಹಾಕಿದಂಥ ಪ್ರಹಸನಗಳು. ಆದರೆ ಕೆಟ್ಟ ನಾಟಕ ಸಂಜೆಯನ್ನು ಕೆಡಿಸುವುದಿಲ್ಲ ಎಂಬುದೇ ಈ ಜಾಗದ ಹೆಚ್ಚುಗಾರಿಕೆ. ಕೆಟ್ಟ ಊಟ ಕೊಟ್ಟ ಹೋಟೆಲಿನಿಂದ ಹೊರಬಂದ ಗುಂಪು ಬೇಸರದಲ್ಲಿ ಚದುರುತ್ತದೆ. ಕೆಟ್ಟ ನಾಟಕದಿಂದ ಹೊರಬಂದ ಗುಂಪು ನಾಯಕನ ಅಳುವನ್ನು ಅಣಕಿಸುತ್ತ, ಫುಟ್‌ಪಾತಿನಲ್ಲೇ ಕ್ಲೈಮಾಕ್ಸನ್ನು ಇನ್ನೊಮ್ಮೆ ಆಡಿ ನಗುತ್ತದೆ.

ಆದ್ದರಿಂದ ತೀರ್ಪಿನಲ್ಲಿ ಬದಲಾವಣೆ ಇಲ್ಲ. ಮೊದಲ ಸಲ ಭೇಟಿಯಾಗುವವರು ಭಾನುವಾರ ಮಧ್ಯಾಹ್ನ ಮೂರೂವರೆಯ ಪ್ರದರ್ಶನಕ್ಕೆ ಹೋಗುವುದು ಮೇಲು. ಬಿಟ್ಟಾಗ ಇನ್ನೂ ಬೆಳಕಿರುತ್ತದೆ, ಇಷ್ಟವಾದರೆ ಜಯನಗರದ ಕಡೆ ನಡೆಯಬಹುದು, ಇಲ್ಲವಾದರೆ ಮನೆಗೆ. ಗುಂಪಿನವರು ವಾರದ ದಿನ ಆರಿಸಿಕೊಳ್ಳಲಿ, ಟಿಕೆಟ್ಟುಗಳನ್ನು ಒಬ್ಬನ ಫೋನಿನಲ್ಲೇ ಇಡದಿರಲಿ. ಹರಕೆ ಹೊತ್ತವರಂತೆ ಪ್ರತಿ ವಾರ ಬ್ರೂವರಿಗೆ ಹೋಗುವವರು ತಿಂಗಳಿಗೊಂದು ಸಂಜೆ ಇತ್ತ ತಿರುಗಿಸಿದರೆ ಅವರ ಗಂಟಲಿಗೂ ಜೇಬಿಗೂ ಒಳ್ಳೆಯದು. ಇನ್ನು ಊರಿನ ಬೇರೆ ಸಭಾಂಗಣಗಳನ್ನು ನಡೆಸುವವರಿಗೆ ಒಂದು ಮಾತು. ಹೊಸ ಕುರ್ಚಿ, ಹೊಸ ಎ.ಸಿ., ಹೊಸ ದೀಪಗಳಿಗೆ ಅನುದಾನ ಕೇಳುತ್ತಲೇ ಇರುತ್ತೀರಿ. ಹಾರ, ಶಾಲು, ಅಧ್ಯಕ್ಷರ ಭಾಷಣ ಮುಗಿದು ಆರೂವರೆಯ ನಾಟಕ ಏಳೂವರೆಗೆ ಶುರುವಾಗುತ್ತದೆ. ಭಾಷಣವನ್ನು ಕೈಬಿಟ್ಟು ಹೇಳಿದ ಹೊತ್ತಿಗೆ ಬಾಗಿಲು ಹಾಕಿ, ಅದಕ್ಕೆ ಮುಂಚಿನ ಒಂದು ಗಂಟೆ ಕ್ಯಾಂಟೀನು ತೆರೆದಿಡಿ. ಇದಕ್ಕೆ ಟೆಂಡರು ಕರೆಯಬೇಕಿಲ್ಲ. ತಡವಾಗಿ ಬಂದು ಹೊರಗುಳಿದ ಗಣ್ಯರು ನಾಲ್ಕು ದಿನ ಕೂಗಾಡುತ್ತಾರೆ, ಐದನೆಯ ದಿನ ಬೇಗ ಬರುತ್ತಾರೆ.